ತೂಬಿಗೆ ಹೋದ ಜಮಖಾನ

ಭದ್ರಮ್ಮ ಯಾರನ್ನೂ ಎದ್ದು ನಿಂತು ಮಾತನಾಡಿಸಿದವಳಲ್ಲ. ಕೆರೆ ಏರಿಯ ಮೇಲೆ, ತೂಬಿಗೆ ಎದುರಾಗಿ ಒಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ಅವಳು, ಪಕ್ಕದಲ್ಲಿ ಎಲೆಯಡಿಕೆ ಚೀಲ. ಯಾರು ಬಂದರೂ ಮೊದಲು ಅವರ ಕಾಲು ನೋಡುತ್ತಿದ್ದಳು. ಕಾಲಿಗೆ ಕೆಸರು ಮೆತ್ತಿದ್ದರೆ ಎರಡು ಮಾತು. ಇಲ್ಲದಿದ್ದರೆ ಪಕ್ಕಕ್ಕೆ ತಿರುಗಿ ಒಂದು ಉಗುಳು.

ಸೂಳಗಿರಿಯಿಂದ ಹೊಸೂರಿಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ಬೇವನಹಳ್ಳಿ. ಅಲ್ಲಿಯ ಕೆರೆಗೆ ಅವಳ ಗಂಡ ಆವುಲಪ್ಪ ನೀರುಗಂಟಿ. ತೂಬು ತೆಗೆದು ಮುಚ್ಚಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ; ಕೊಯ್ಲಿನಲ್ಲಿ ಗದ್ದೆಗೊಂದು ಹೊರೆ ಅವನ ಪಾಲು. ಅವನು ಸತ್ತ ಮೇಲೆ ತೂಬಿನ ಕೋಲು ಭದ್ರಮ್ಮನ ಕೈಗೆ ಬಂತು. ಹೆಂಗಸು ನೀರುಗಂಟಿ ಎಂದು ಸುತ್ತಲಿನ ಊರುಗಳವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಆ ಊರುಗಳ ಕೆರೆಗಳನ್ನು ನೋಡಿ.

ಕೆರೆಯ ನಡುವೆ ಏಳು ಜಾಲಿಮರಗಳು. ದೀಪಾವಳಿಯ ಮಳೆ ನಿಂತ ಮೇಲೆ ಒಂದು ಬೆಳಗ್ಗೆ ಆ ಮರಗಳು ಬೆಳ್ಳಗಾಗಿರುತ್ತಿದ್ದವು. ಬೆಳ್ಳಕ್ಕಿ, ನೀರುಕಾಗೆ, ರೆಕ್ಕೆಯ ತುದಿಯಲ್ಲಿ ನಸುಗೆಂಪು ಹಚ್ಚಿಕೊಂಡ ದೊಡ್ಡ ಕೊಕ್ಕರೆ ಎಲ್ಲ ಒಂದೇ ಮರದಲ್ಲಿ ಜಗಳವಾಡುತ್ತ ಕಡ್ಡಿ ಪೇರಿಸುತ್ತಿದ್ದವು. ಬೆಳಗಿನ ಮಂಜು ನೀರಿನಿಂದ ಏಳುವಾಗ ಮರಗಳೇ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಮೊದಲನೆಯ ಮರದ ಬುಡದಲ್ಲಿ ಒಂದು ಕಲ್ಲು. ಕೊಕ್ಕರೆಕಲ್ಲು ಎಂದು ಹೆಸರು. ಹಕ್ಕಿ ಕಡ್ಡಿ ಹೊತ್ತ ದಿನದಿಂದ ಮರಿ ಹಾರುವ ದಿನದವರೆಗೆ ಆ ಕಲ್ಲು ಕಾಣುವಷ್ಟು ನೀರು ಇಳಿಸುವಂತಿಲ್ಲ. ಇದು ಊರಿನ ಕಟ್ಟು. ಮರಗಳು ನೀರಿನಲ್ಲಿ ನಿಂತಿದ್ದರೆ ನರಿಯಾಗಲಿ ಕಾಡುಬೆಕ್ಕಾಗಲಿ ಹತ್ತಿರ ಬಾರದು. ಅದಕ್ಕೆ ಬದಲಾಗಿ ಹಕ್ಕಿಗಳ ಹಿಕ್ಕೆ ಬಿದ್ದು ಹಸಿರುಗಟ್ಟಿದ ನೀರು ಬೇಸಿಗೆ ಬೆಳೆಗೆ ಸಿಗುತ್ತದೆ. ಆ ಗದ್ದೆಗಳಿಗೆ ಬೇರೆ ಗೊಬ್ಬರ ಬೇಡ. ಇದರಲ್ಲಿ ಭಕ್ತಿಯೇನೂ ಇರಲಿಲ್ಲ. ಹಕ್ಕಿಗಳ ಮೇಲೆ ಭದ್ರಮ್ಮನಿಗೆ ಪ್ರೀತಿ ಇತ್ತೆಂದೂ ಹೇಳಲಾರೆ. "ಬೆಪ್ಪು ಮುಂಡೇವು, ತಂದ್ ಕಡ್ಡೀಲಿ ಅರ್ಧ ಕೆಳೀಕ್ ಬೀಳಿಸ್ತವೆ" ಎಂದು ಬೈಯುತ್ತಲೇ, ದೊಡ್ಡ ಕೊಕ್ಕರೆ ಎಲ್ಲಿ ನಿಂತಿದೆ, ಅದರ ಕಾಲು ಎಲ್ಲಿಯವರೆಗೆ ಮುಳುಗಿದೆ ಎಂದು ಏರಿಯಿಂದಲೇ ನೋಡಿ, ತೂಬನ್ನು ಇನ್ನೆಷ್ಟು ಬೆರಳು ಎತ್ತಬೇಕೆಂದು ಲೆಕ್ಕ ಹಾಕುತ್ತಿದ್ದಳು. ಅವಳಿಗೆ ಬೇರೆ ಅಳತೆಗೋಲು ಇರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದು ಐದಾರು ತಿಂಗಳಾಗಿತ್ತು. ಸಂಕ್ರಾಂತಿ ಕಳೆದ ಮೇಲಿನ ಒಂದು ಶುಕ್ರವಾರ ಪಟೇಲ ವೆಂಕಟರಾಮಪ್ಪ ಏರಿ ಹತ್ತಿ ಬಂದ. ಅವನ ಕಾಲಲ್ಲಿ ಕಿರ್ರೆನ್ನುವ ಹೊಸ ಬೂಟು. ಭದ್ರಮ್ಮ ಬೂಟು ನೋಡಿ ಉಗುಳಿದಳು.

"ಭದ್ರಮ್ಮೀ, ಸೋಮಾರ ದೊರೆ ಬತ್ತವ್ರೆ. ಹಕ್ಕಿ ನೋಡಕ್ಕೆ."

"ಅದುನ್ನ ನಂಗ್ಯಾಕೆ ಹೇಳ್ತೀರಾ? ಹಕ್ಕೀಗ್ ಹೇಳಿ."

"ಹಾಸ್ಯ ಬುಡು. ಮರದ್ ಬುಡುಕ್ಕೇ ಹೋಗಿ ಗೂಡು ನೋಡ್ಬೇಕಂತೆ ಅವ್ರು. ನೀರಿಳ್ಸು."

"ಎಷ್ಟು?"

"ಕಾಲು ನೆನೀದಂಗೆ."

"ಕಲ್ಲು ಕಾಣಂಗಿಲ್ಲ ಪಟೇಲಪ್ಪ. ಮರಿಗಳ್ಗೆ ಇನ್ನೂ ಪುಕ್ಕ ಬಂದಿಲ್ಲ. ನೀರು ಹೋದ್ರೆ ನರಿಗೆ ದಾರಿ ಬುಟ್ಟಂಗೆ."

"ಎರಡು ದಿವ್ಸದಾಗೆ ನರಿಗೇನ್ ಕಾಗ್ದ ಹೋಯ್ತದಾ?"

"ಕಾಗ್ದ ಬೇಕಾಗಿರೋದು ನಿಮ್ಗೆ. ನರಿಗೆ ಮೂಗು ಸಾಕು."

ಕಾಗದದ ಮಾತು ಪಟೇಲನಿಗೆ ಚುಚ್ಚಿತು. ಅವನಿಗೆ ಬೇಕಾಗಿದ್ದುದು ಕೋವಿಯ ಲೈಸೆನ್ಸು. ಮೂರು ವರ್ಷದಿಂದ ಅರ್ಜಿ ಹಾಕಿ ಹಾಕಿ ಸೋತಿದ್ದ. ಬರುವ ಇಂಗ್ಲಿಷ್ ದೊರೆಗೆ ಮೇಲಿನವರ ಪರಿಚಯವಿದೆ, ಅವನ ಒಂದು ಮಾತಿನಿಂದ ಆಗುತ್ತದೆ ಎಂದು ಯಾರೋ ಹೇಳಿದ್ದರು. ಹಕ್ಕಿ ನೋಡಲು ಬರುವವನನ್ನು ಮೆಚ್ಚಿಸಿ ಕೋವಿ ಸಂಪಾದಿಸಬೇಕು. ಈ ಯೋಚನೆಯಲ್ಲಿ ಏನಾದರೂ ಅಡ್ಡಾದಿಡ್ಡಿ ಇದೆ ಎಂದು ಅವನಿಗೆ ತೋಚಲಿಲ್ಲ. ಅವನಿಗೆ ತೋಚಿದ್ದು ಯಾವಾಗಲೂ ಕಡಿಮೆಯೇ.

"ಆಗಲ್ಲಾ ಅಂದ್ರೆ ಕೋಲು ಮುನಿಶಾಮಿ ಕೈಗ್ ಕೊಡು" ಎಂದ. ಮುನಿಶಾಮಿ ಅವನ ಹೆಂಡತಿಯ ತಮ್ಮ. "ನಾಳೆ ಒಂದಿನಕ್ಕಲ್ಲ. ಇನ್ಮೇಲೆ ನೀರುಗಂಟಿ ಅವ್ನೇ. ಹೆಂಗಸ್ರು ತೂಬಿಗಿಳಿಯೋದು ನಿಂತೋಗ್ಲಿ."

ಏರಿಯ ಪಕ್ಕದ ಅಶ್ವತ್ಥದ ಕಟ್ಟೆಯ ಮೇಲೆ ಎಂಟು ಹತ್ತು ರೈತರು ಕೂತಿದ್ದರು. ಎಲ್ಲರಿಗೂ ಕೇಳಿಸಿತು. ಒಬ್ಬ ಬೀಡಿ ಹುಡುಕಿದ, ಒಬ್ಬ ಎಮ್ಮೆ ಹುಡುಕಲು ಎದ್ದು ಹೋದ. ಆ ನೀರು ಕುಡಿದು ಬೆಳೆದ ಬೆಳೆಯಲ್ಲಿ ಉಂಡವರು ಇವರು. ಭದ್ರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಕಾಲನ್ನಲ್ಲ.

ಶನಿವಾರ ಬೆಳಗ್ಗೆ ಮುನಿಶಾಮಿ ತೂಬಿಗೆ ಇಳಿದ. ತೂಬೆಂದರೆ ನೀರಿನೊಳಗೆ ಎರಡು ಕಲ್ಲುಕಂಬ, ಅವುಗಳ ಕೆಳಗೆ ತೂತುಬಿದ್ದ ಹಾಸುಗಲ್ಲು. ತುದಿಯಲ್ಲಿ ಬಿರಡೆಯಂಥ ಮರದ ಗುಂಡು ಇರುವ ಉದ್ದ ಕೋಲು ಆ ತೂತಿಗೆ ಕೂತಿರುತ್ತದೆ. ನೀರು ಬಿಡಬೇಕಾದರೆ ಕೋಲನ್ನು ಗೇಣಷ್ಟು ಎತ್ತಿ ಕಂಬಕ್ಕೆ ಕಟ್ಟಬೇಕು. ಪೂರ್ತಿ ಎಂದೂ ಕೀಳಬಾರದು. ಕಿತ್ತರೆ ನೀರಿನ ಸೆಳೆತಕ್ಕೆ ಮತ್ತೆ ಕೂರಿಸಲಾಗದು. ಮುನಿಶಾಮಿ ಎರಡು ಕೈಯಲ್ಲಿ ಹಿಡಿದು ಎಳೆದ. ಕೋಲು ಪೂರ್ತಿ ಮೇಲಕ್ಕೆ ಬಂತು.

"ಲೇ ಲೇ ಲೇ! ಗೇಣು ಎತ್ತಲಾ ಅಂದ್ರೆ ಬುಡಾನೇ ಕಿತ್ತುಬುಟ್ಯಲ್ಲಲಾ!" ಭದ್ರಮ್ಮ ಏರಿಯ ಮೇಲಿಂದ ಕೂಗಿದಳು.

"ಬೇಗ ಇಳೀಬೇಕು ಅಂದವ್ರೆ ಕಣಕ್ಕಾ ಭಾವ."

"ನಿನ್ ಭಾವನ್ ತಲೇಲಿರೋದೂ ಇಂಗೇ ಇಳ್ದೋಗಿರೋದು."

ಅವಳು ತೂಬಿನ ಮೆಟ್ಟಿಲು ಇಳಿಯಬಾರದೆಂದು ಪಟೇಲನ ಅಪ್ಪಣೆಯಾಗಿತ್ತು. ಮುನಿಶಾಮಿ ಆ ಎರಡು ದಿನವೂ ಮೆಟ್ಟಿಲಿನ ಮೇಲೆ ಕಂಬಳಿ ಹೊದ್ದು ಕಾವಲು ಕೂತ. ಏರಿಯ ಹಿಂದಿನ ಕಾಲುವೆಯಲ್ಲಿ ನೀರು ಬೊಬ್ಬೆ ಹಾಕುತ್ತ ಯಾರಿಗೂ ಬೇಡದೆ ಹೊಲಗಳಿಗೆ ನುಗ್ಗುತ್ತಿತ್ತು. ಭಾನುವಾರ ಸಂಜೆ ಕೊಕ್ಕರೆಕಲ್ಲು ತಲೆ ಹೊರಗೆ ಹಾಕಿತು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಭದ್ರಮ್ಮ ಕಲ್ಲಿನ ಮೇಲಿದ್ದಳು. ಆಕಾಶ ಇನ್ನೂ ಬೂದಿಯ ಬಣ್ಣ. ದಡದಿಂದ ಮೊದಲನೆಯ ಮರದ ತನಕ ಕೆರೆ ಬರಿಯ ಕೆಸರಾಗಿತ್ತು. ಕಪ್ಪು ಕೆಸರಿನ ಮೇಲೆ ಹಗುರ ಹೆಜ್ಜೆಗಳ ಒಂದು ಸಾಲು, ಪೋಣಿಸಿದಂತೆ, ನೇರವಾಗಿ ಮರಕ್ಕೆ ಹೋಗಿತ್ತು. ನರಿಯ ತೂಕಕ್ಕೆ ಕೆಸರು ಕುಸಿಯುವುದಿಲ್ಲ. ಮರದ ಕೆಳಗಿನ ಕೊಂಬೆಗಳ ಗೂಡುಗಳು ಖಾಲಿ. ಬುಡದಲ್ಲಿ ಒಂದಿಷ್ಟು ಬಿಳಿ ಪುಕ್ಕ. ಎರಡನೆಯ ಮರದ ಸುತ್ತಲೂ ನೀರು ಹೋಗಿತ್ತು. ಉಳಿದ ಐದರ ಕಾಲು ಇನ್ನೂ ಗೇಣುದ್ದ ನೀರಿನಲ್ಲಿತ್ತು. ತೂಬು ಹೀಗೇ ಹರಿದರೆ ಸಂಜೆಯ ಹೊತ್ತಿಗೆ ಐದೂ ನೆಲದ ಮೇಲೆ. ಅವಳು ಗೂಡುಗಳನ್ನು ಎಣಿಸಿದಳು. ಹಿಂದಿನ ವಾರ ಅರವತ್ತಮೂರು ಇದ್ದವು.

ಎಂಟು ಗಂಟೆಗೆ ಎತ್ತಿನ ಗಾಡಿಯಲ್ಲಿ ದೊರೆ ಬಂದ. ಜೊತೆಗೆ ದುಭಾಷಿಯಾಗಿ ಹೊಸೂರಿನ ಚೆನ್ನಕೇಶವ. ಇಂಗ್ಲಿಷು ಬಲ್ಲವನೆಂದು ಹೆಗಲು ಸ್ವಲ್ಪ ಮೇಲಕ್ಕೆತ್ತಿಕೊಂಡೇ ನಡೆಯುವ ಯುವಕ. ದೊರೆ ಮುದುಕ, ಸಣಕಲ, ಬಿಸಿಲಿಗೆ ಸುಟ್ಟ ಕೆಂಪು ಕತ್ತು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಪುಸ್ತಕ. ಪಟೇಲ ಏರಿಯ ಮೇಲೆ ಕುರ್ಚಿ ಹಾಕಿಸಿ, ಅದರ ಕೆಳಗೆ ಮಗಳ ಮದುವೆಗೆಂದು ನೇಕಾರರ ಊರು ಭವಾನಿಯಿಂದ ತರಿಸಿಟ್ಟಿದ್ದ ಕೆಂಪು ಹಸಿರು ಪಟ್ಟೆಯ ಹೊಸ ಜಮಖಾನ ಹಾಸಿದ್ದ. ಅದನ್ನು ತುಳಿದವರಲ್ಲಿ ಆ ದೊರೆಯೇ ಮೊದಲಿಗ. ಅವನು ಅದನ್ನು ನೋಡಲೂ ಇಲ್ಲ.

ಮೂರು ಗಂಟೆಯ ಕಾಲ ಅವನು ಹಕ್ಕಿ ನೋಡಿದ. ಹೀಗೆ ನೋಡುವುದಕ್ಕೆ ಸಂಘಗಳಿವೆ ಎಂದು ಚೆನ್ನಕೇಶವ ರೈತರಿಗೆ ಹೇಳಿದ. ದುರ್ಬೀನಿನಲ್ಲಿ ನೋಡುವುದು, ಬರೆಯುವುದು, ಮತ್ತೆ ನೋಡುವುದು. ಅಷ್ಟು ಹೊತ್ತಿನಲ್ಲಿ ಒಮ್ಮೆಯಾದರೂ ಅವನ ದುರ್ಬೀನು ಒಂದು ಅಂಗುಲ ಕೆಳಕ್ಕೆ ಇಳಿದಿದ್ದರೆ ಕೆಸರಿನ ಮೇಲಿನ ಹೆಜ್ಜೆಯ ಸಾಲು ಕಾಣುತ್ತಿತ್ತು. ಇಳಿಯಲಿಲ್ಲ. ಅವನಿಗೆ ಬೇಕಾದದ್ದು ಮೇಲಿತ್ತು.

ನಡುನಡುವೆ ಅವನು ಹಕ್ಕಿಗೆ ಊರಿನವರು ಕರೆಯುವ ಹೆಸರು ಕೇಳುತ್ತಿದ್ದ. ಚೆನ್ನಕೇಶವ ಪಟೇಲನ ಕಡೆ ತಿರುಗುತ್ತಿದ್ದ. ಪಟೇಲನಿಗೆ ಕಾಗೆ, ಕೋಳಿ ಬಿಟ್ಟರೆ ಮೂರನೆಯ ಹಕ್ಕಿ ಗೊತ್ತಿರಲಿಲ್ಲ.

"ಅದು? ಅದು ರಾಜಹಂಸ" ಎಂದ ಪಟೇಲ.

ದೊರೆ ಬರೆದುಕೊಂಡ. ಸ್ವಲ್ಪ ಹೊತ್ತಿಗೆ ಇನ್ನೊಂದನ್ನು ತೋರಿಸಿದ.

"ಅದೂ ರಾಜಹಂಸವೇ. ಹೆಣ್ಣು."

"ಅಯ್ಯೋ ಶಿವ್ನೆ" ಎಂದಳು ಭದ್ರಮ್ಮ ತನ್ನ ಕಲ್ಲಿನಿಂದ. "ಮೊದ್ಲುದ್ದು ಕೊಕ್ಕರೆ. ಇದು ನೀರುಕಾಗೆ, ಇದ್ಲಿನಂಗೆ ಕರ್ರಗೈತೆ. ಪಟೇಲಪ್ಪನ್ ಮನೇಲಿ ಹಂಸಕ್ಕೆ ಮಸಿ ಬಳೀತಾರೇನೋ."

"ಆಕೆ ಏನು ಹೇಳ್ತಾಳೆ?" ಎಂದು ದೊರೆ ಕೇಳಿದನಂತೆ.

"ನಮಸ್ಕಾರ ಹೇಳ್ತಾಳೆ" ಎಂದು ಚೆನ್ನಕೇಶವ ಅನುವಾದ ಮಾಡಿದ. ದೊರೆ ಅವಳ ಕಡೆ ತಿರುಗದೆಯೇ ಟೋಪಿ ಮುಟ್ಟಿಕೊಂಡ.

ಬಿಸಿಲು ಏರಿತು. ಮೂರನೆಯ ಮರದಲ್ಲಿ ತಡವಾಗಿ ಕಾವಿಗೆ ಕೂತ ನೀರುಕಾಗೆಗಳಿದ್ದವು. ಅವುಗಳ ಗೂಡಿನಲ್ಲಿ ಇನ್ನೂ ಮೊಟ್ಟೆ. ದೊರೆ ಅದನ್ನು ನೋಡಿ ಏನೋ ಹೇಳಿದ.

"ದೊರೆಗೆ ಒಂದು ಮೊಟ್ಟೆ ಬೇಕಂತೆ" ಎಂದ ಚೆನ್ನಕೇಶವ. "ಬೇರೆ ಬೇರೆ ಕೆರೆಗಳದ್ದು ಕೂಡಿಸಿ ಇಟ್ಟಿದ್ದಾರೆ. ಆಮೇಲೆ ಮರದ ಹತ್ರಾನೂ ಹೋಗ್ಬೇಕಂತೆ. ಮೊದಲು ಯಾರಾದರೂ ನಡೆದು ದಾರಿ ತೋರಿಸಲಿ ಅಂತಾರೆ."

ಪಟೇಲ ಕೋಟಿನ ಗುಂಡಿ ಹಾಕಿಕೊಂಡ. ರುಮಾಲು ಸರಿಮಾಡಿಕೊಂಡ. "ನಾನೇ ತತ್ತೀನಿ ಅಂತ ಹೇಳಿ. ಮೊಟ್ಟೆ ಕೈಗೆ ಕೊಡ್ತಾ ಹಂಗೇ ಲೈಸೆನ್ಸಿನ್ ಮಾತು ಎತ್ತಿ."

"ಪಟೇಲಪ್ಪ" ಎಂದಳು ಭದ್ರಮ್ಮ. ಅವಳ ದನಿಯಲ್ಲಿ ಈ ಸಲ ಹಾಸ್ಯ ಇರಲಿಲ್ಲ. "ಅಲ್ಲಿ ಕಾಲಿಡ್ಬೇಡಿ. ಮೇಲೆ ಒಣಗ್ದಂಗೆ ಕಾಣ್ತದೆ, ಕೆಳಗೆ ನೂರ್ ವರ್ಷದ್ ಹಿಕ್ಕೆ ಕೊಳ್ತೈತೆ. ಆಳಿನ್ ಭಾರ ತಡಿಯಲ್ಲ."

"ನಮ್ಮೂರ್ ಕೆರೆ ನಂಗೊತ್ತಿಲ್ವಾ? ನೀನೇ ಕಲ್ಸಕ್ ಬಂದ್ಯಾ?"

"ಗೊತ್ತಿದ್ರೆ ಹೋಗಿ."

ಅವನು ಹೋದ. ಬೂಟು ಕಿರ್ರೆನ್ನುತ್ತ ಇಪ್ಪತ್ತು ಹೆಜ್ಜೆ ಠೀವಿಯಿಂದಲೇ ನಡೆದ. ಒಮ್ಮೆ ತಿರುಗಿ ದೊರೆಯತ್ತ ಕೈಯನ್ನೂ ಎತ್ತಿದ. ಮೊದಲನೆಯ ಮರ ದಾಟಿ ಎರಡನೆಯದರ ಹತ್ತಿರ ಕಾಲಿಟ್ಟಾಗ ನೆಲ ಅವನನ್ನು ಒಳಕ್ಕೆ ತೆಗೆದುಕೊಂಡಿತು. ಸದ್ದೇನೂ ಆಗಲಿಲ್ಲ. ಈಗ ಪೂರ್ತಿ ಇದ್ದ ಪಟೇಲ, ಮರುಕ್ಷಣ ಸೊಂಟದಿಂದ ಮೇಲಕ್ಕೆ ಮಾತ್ರ ಇದ್ದ. ಸದ್ದು ಬಂದದ್ದು ಆಮೇಲೆ, ಅವನ ಗಂಟಲಿನಿಂದ.

ಏಳೂ ಮರಗಳ ಹಕ್ಕಿಗಳು ಒಟ್ಟಿಗೆ ಎದ್ದವು. ಬಿಳಿ ಬಟ್ಟೆ ಹರಿದಂತಾಯಿತು ಆಕಾಶ. ಗೂಡುಗಳಲ್ಲಿ ಉಳಿದ ಬೋಳು ಮರಿಗಳು ಬಿಸಿಲಿಗೆ ಬಾಯಿ ತೆರೆದು ಕೂಗತೊಡಗಿದವು. ಎಲ್ಲಿದ್ದವೋ, ಕಾಗೆಗಳು ಬಂದವು, ಎರಡು ಹದ್ದುಗಳು ಬಂದವು. ಪಟೇಲ ಒದ್ದಾಡಿದಷ್ಟೂ ಇಳಿದ. ಎದೆಯ ತನಕ ಹೋದ. "ಸತ್ತೆ ಕಣ್ರಲೋ! ಮುನಿಶಾಮೀ!" ಮುನಿಶಾಮಿ ತೂಬಿನ ಮೆಟ್ಟಿಲು ಬಿಟ್ಟು ಓಡಿ, ಕೆಸರಿನ ಅಂಚಿಗೆ ಬಂದು, ಅಲ್ಲಿಂದ ಮುಂದೆ ಹೋಗಲು ಧೈರ್ಯವಿಲ್ಲದೆ, ನಿಂತಲ್ಲೇ ಕುಣಿದ. ರೈತರೆಲ್ಲ ಅವನ ಹಿಂದೆ ಓಡಿ ಅವನ ಹಾಗೆಯೇ ಕುಣಿದರು.

ಭದ್ರಮ್ಮ ಎದ್ದಳು. ತೂಬಿನ ಮೆಟ್ಟಿಲು ಖಾಲಿಯಾಗಿತ್ತು. ಇಳಿದು ಕೋಲನ್ನು ತೂತಿಗೆ ಇಳಿಬಿಟ್ಟು ನೋಡಿದಳು; ನೀರು ಅದನ್ನು ಓರೆಯಾಗಿ ಎಳೆಯಿತು, ಬಿರಡೆ ಕೂರಲಿಲ್ಲ. ಮತ್ತೆ ನೋಡಿದಳು. ಕೂರಲಿಲ್ಲ. ಮೇಲೆ ಬಂದಳು. ದೊರೆ ಕುರ್ಚಿಯಿಂದ ಅರ್ಧ ಎದ್ದಿದ್ದ.

"ಏಳು ದೊರೆ" ಎಂದಳು ಕೈಸನ್ನೆ ಮಾಡಿ. "ಪೂರ್ತಿ ಏಳು."

ಅವನು ಎದ್ದ. ಕುರ್ಚಿ ಪಕ್ಕಕ್ಕೆ ಉರುಳಿತು. ಅವಳು ಜಮಖಾನವನ್ನು ಎಳೆದು ಸುತ್ತಿ ಹೆಗಲಿಗೆ ಹಾಕಿಕೊಂಡಳು.

ಅದು ಯಾತಕ್ಕೆಂದು ಎಲ್ಲರಿಗೂ ಅರ್ಥವಾಯಿತು. ಕೆಸರಿನ ಮೇಲೆ ಹಾಸಿದರೆ ಮನುಷ್ಯ ಹಿಡಿದುಕೊಂಡು ಬರಬಹುದು. "ತಾರಮ್ಮೀ, ಬೇಗ ತಾ!" ಎಂದರು ರೈತರು. ಕೆಸರಿನಲ್ಲಿದ್ದ ಪಟೇಲ ಎರಡು ಕೈಯನ್ನೂ ಚಾಚಿದ. ಮಗಳ ಮದುವೆಯ ಜಮಖಾನ ತನ್ನ ಕಡೆ ಬರುವುದನ್ನು ಅವನು ಅಷ್ಟು ಆಸೆಯಿಂದ ಎಂದೂ ನೋಡಿರಲಾರ.

ಭದ್ರಮ್ಮ ಅವರ ಮುಂದೆಯೇ ಹಾದು ತೂಬಿಗೆ ಇಳಿದಳು. ದಡದ ಜೇಡಿಮಣ್ಣನ್ನು ಬಾಚಿ ಜಮಖಾನದ ನಡುವೆ ತುಂಬಿ, ಗಂಟು ಬಿಗಿದು, ಎದೆಮಟ್ಟದ ನೀರಿನಲ್ಲಿ ನಿಂತು, ಉಸಿರು ಹಿಡಿದು ಮುಳುಗಿದಳು. ನೀರು ಅದನ್ನು ಅವಳ ಕೈಯಿಂದ ಕಿತ್ತುಕೊಂಡು ತೂತಿಗೆ ಮೆತ್ತಿತು. ಅವಳು ಕಾಲಿನಿಂದ ಒತ್ತಿ ಒತ್ತಿ ತುಳಿದಳು. ಏರಿಯ ಹಿಂದೆ ಎರಡು ದಿನದಿಂದ ಬೊಬ್ಬೆ ಹಾಕುತ್ತಿದ್ದ ಕಾಲುವೆ ಮೊದಲು ತೊದಲಿತು, ಆಮೇಲೆ ಸುಮ್ಮನಾಯಿತು.

"ಭದ್ರಾ, ಸಾಯ್ತಾ ಇವ್ನಿ ಕಣಮ್ಮೀ!" ಎಂದ ಪಟೇಲ.

"ಸಾಯಲ್ಲ. ಅಲ್ಲಾಡ್ದೆ ಇದ್ರೆ ಎದೆಯಿಂದ ಮೇಲಕ್ಕೆ ಹೋಗಲ್ಲ ಅದು. ಬಾಯ್ ಮುಚ್ಕಂಡಿರಿ. ನೀವು ಕಿರ್ಚೋ ತನ್ಕ ಹಕ್ಕಿ ಕೆಳಗ್ ಇಳಿಯಲ್ಲ."

"ನಂಗಿಂತ ಹಕ್ಕಿ ಹೆಚ್ಚೇನೇ?"

ಭದ್ರಮ್ಮ ಒದ್ದೆ ಸೀರೆ ಹಿಂಡಿಕೊಳ್ಳುತ್ತ, ಕುಣಿಯುತ್ತಿದ್ದವರ ಕಡೆ ತಿರುಗಿದಳು. "ನೀವೂ ಕೂತ್ಕಳ್ರಲಾ. ಎಲ್ರೂ."

ಕೂತರು. ಪಟೇಲ ಬಾಯಿ ಮುಚ್ಚಿದ. ಅವನು ಅಷ್ಟು ಹೊತ್ತು ಸುಮ್ಮನಿದ್ದುದನ್ನು ಊರು ಅದಕ್ಕೆ ಮೊದಲು ನೋಡಿರಲಿಲ್ಲ. ಮೇಲೆ ಸುತ್ತುತ್ತಿದ್ದ ಬಿಳುಪು ಮೆಲ್ಲಗೆ ಚೂರುಚೂರಾಗಿ ಮರಗಳಿಗೆ ಇಳಿಯಿತು. ಕಾಗೆಗಳು ಜಗಳವಾಡಿ ಸೋತು ಹೋದವು. ಕೆರೆಯ ಮೇಲೆ ಬಿಸಿಲು ಮತ್ತೆ ಸಮನಾಗಿ ಬಿತ್ತು. ಒಂದು ಬೆಳ್ಳಕ್ಕಿ ಕೆಸರಿನಲ್ಲಿ ಹುಳು ಹೆಕ್ಕುತ್ತ ಪಟೇಲನ ರುಮಾಲಿನ ಪಕ್ಕದಲ್ಲಿಯೇ ನಡೆದು ಹೋಯಿತು. ನಿಂತು, ಕತ್ತು ಓರೆ ಮಾಡಿ, ಅವನ ಕಣ್ಣನ್ನು ಒಂದು ಕಣ್ಣಿನಿಂದ ನೋಡಿತು. ತಿನ್ನುವಂಥದ್ದಲ್ಲ ಎಂದುಕೊಂಡು ಮುಂದಕ್ಕೆ ಹೋಯಿತು.

ದೊರೆ ದುರ್ಬೀನು ಎತ್ತಿ ಪುಸ್ತಕದಲ್ಲಿ ಬೇಗಬೇಗ ಬರೆದುಕೊಳ್ಳುತ್ತಿದ್ದ. ಮನುಷ್ಯನಿಗೆ ಇಷ್ಟು ಹತ್ತಿರ ಬೆಳ್ಳಕ್ಕಿ ಬಂದುದನ್ನು ತಾನು ಎಲ್ಲೂ ಕಂಡಿಲ್ಲ ಎಂದನಂತೆ. ಅವನ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಂಡಿತು.

ಅರ್ಧ ಗಂಟೆಯಾದ ಮೇಲೆ ಭದ್ರಮ್ಮ ಜೊಂಡು ಕೊಯ್ಯಿಸಿ, ಹೊರೆ ಕಟ್ಟಿಸಿ, ಕೆಸರಿನ ಮೇಲೆ ಒಂದರ ಮುಂದೊಂದು ತಳ್ಳಿಸಿದಳು. ನೀರುಗಂಟಿಗಳು ಕೆಸರು ದಾಟುವುದು ಹಾಗೆಯೇ, ಹೊಟ್ಟೆಯ ಮೇಲೆ. "ಮಕ್ಕಾಡೆ ಮಲೀಕ್ಕಳಿ. ತಲೆ ಎತ್ಬೇಡಿ. ಹಲ್ಲಿ ಹಂಗೆ ಬನ್ನಿ." ಪಟೇಲ ವೆಂಕಟರಾಮಪ್ಪ ಊರಿನ ಎದುರಿಗೆ, ಹೆಂಗಸರು ಮಕ್ಕಳೆಲ್ಲ ನೋಡುತ್ತಿದ್ದಂತೆ, ಹಕ್ಕಿಯ ಹಿಕ್ಕೆಯ ಮೇಲೆ ಗದ್ದ ಉಜ್ಜುತ್ತ ಹಲ್ಲಿಯಂತೆ ಬಂದ. ಬೂಟು ಒಳಗೇ ಉಳಿದವು. ಲೈಸೆನ್ಸಿನ ಮಾತು ಯಾರೂ ಎತ್ತಲಿಲ್ಲ.

ಸಂಜೆ ಮುನಿಶಾಮಿ ತೂಬಿನ ಕೋಲು ಹೊತ್ತುಕೊಂಡು ಭದ್ರಮ್ಮನ ಬಾಗಿಲಿಗೆ ಬಂದ.

"ನಂಗ್ಬೇಡ ಕಣಕ್ಕಾ. ನೀನೇ ಇಟ್ಕ."

"ನಿನ್ ಭಾವನ್ನ ಕೇಳ್ದ್ಯೇನ್ಲಾ?"

"ಸ್ನಾನ ಮಾಡ್ತವ್ರೆ. ಮಧ್ಯಾಹ್ನದಿಂದ."

ಮರುದಿನ ಕಟ್ಟೆಯ ಮೇಲೆ ರೈತರೆಲ್ಲ ಸೇರಿ, ಕೋಲು ಭದ್ರಮ್ಮನ ಕೈಯಲ್ಲೇ ಇರಲಿ, ಬೇರೆ ಯಾರು ನೀರು ಬಿಟ್ಟರೂ ನಾವು ಗದ್ದೆಗೆ ಕಟ್ಟಿಕೊಳ್ಳುವುದಿಲ್ಲ ಎಂದು ದೊಡ್ಡ ದನಿಯಲ್ಲಿ ತೀರ್ಮಾನ ಮಾಡಿದರು. ಪಟೇಲ ಮನೆಯಿಂದ ಹೊರಗೆ ಬಂದಿರಲಿಲ್ಲ. ದನಿ ದೊಡ್ಡದಾಗಿದ್ದುದು ಅದಕ್ಕೇ. ಸುದ್ದಿ ಹೇಳಲು ಬಂದ ದೊಡ್ಡವೆಂಕಟಪ್ಪನಿಗೆ ಅವಳು, "ಶುಕ್ರವಾರ ನಿಮ್ಗೆಲ್ಲಾ ಬಾಯಿಗೆ ಏನಾಗಿತ್ತು?" ಎಂದಳು. ಅವನು ಎಮ್ಮೆ ಹುಡುಕಲು ಹೋದ.

ತಿಂಗಳಾದ ಮೇಲೆ ದೊರೆಯ ಕಾಗದ ಬಂತು. ಅತ್ಯುತ್ತಮ ಏರ್ಪಾಟಿಗಾಗಿ ಪಟೇಲರಿಗೆ ವಂದನೆ, ಗೂಡುಗಳು ನಲವತ್ತೊಂದು ಎಂದಿತ್ತು. ಪಟೇಲ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನೇತುಹಾಕಿದ. ಅದನ್ನು ಓದಿ ಹೇಳಿದ ಚೆನ್ನಕೇಶವನಿಗೆ ಭದ್ರಮ್ಮ, "ಇಪ್ಪತ್ತೆರಡು ಎಲ್ ಹೋದ್ವು ಅಂತ ಬರ್ದಿಲ್ವಾ?" ಎಂದು ಕೇಳಿದಳು.

"ಯಾವ ಇಪ್ಪತ್ತೆರಡು?"

ಅವಳು ಅವನ ಕಾಲು ನೋಡಿ ಪಕ್ಕಕ್ಕೆ ತಿರುಗಿದಳು.

ಮೇಲಿನ ಕೆರೆಯಿಂದ ಹಳ್ಳದಲ್ಲಿ ಒಸರುವ ನೀರು ದಿನಕ್ಕೆ ಅರ್ಧ ಬೆರಳಿನಂತೆ ಏರಿ, ಕೊಕ್ಕರೆಕಲ್ಲನ್ನು ಮುಚ್ಚಲು ಹದಿನೆಂಟು ದಿನ ಹಿಡಿಯಿತು. ಅಷ್ಟೂ ದಿನ ಅವಳು ನರಿ ಬಾರದಂತೆ ರಾತ್ರಿಯೆಲ್ಲ ಮರಗಳ ಎದುರಿನ ದಡದಲ್ಲಿ ಬೆಂಕಿ ಹಾಕಿ ಕೂತಿದ್ದಳು. ಐದು ಮರಗಳ ಮರಿಗಳು ಹಾರಿದವು. ಎರಡು ಮರಗಳು ಆ ವರ್ಷವೆಲ್ಲ ಕಪ್ಪಗೇ ನಿಂತಿದ್ದವು.

ಬೇಸಿಗೆ ಬೆಳೆಗೆ ನೀರು ಬಿಡುವ ದಿನ ಅವಳು ಮುಳುಗಿ ಜಮಖಾನ ಕಿತ್ತಳು. ಕೆಂಪು ಕಂದಾಗಿತ್ತು, ಹಸಿರು ಉಳಿದಿತ್ತು. ಒಗೆದು ಏರಿಯ ಮೇಲೆ ಒಣಹಾಕಿದಳು. ಪಟೇಲನ ಮನೆಯ ಆಳು ಕೇಳಲು ಬಂದ.

"ಪಟೇಲಪ್ಪನೇ ಬಂದು ತಗಂಡೋಗ್ಲಿ" ಎಂದಳು. "ಬರಿಗಾಲಲ್ಲಿ."

ಯಾರೂ ಬರಲಿಲ್ಲ. ಎರಡು ವಾರ ಕಾದು, ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ತನ್ನ ಚಪ್ಪಟೆ ಕಲ್ಲಿನ ಮೇಲೆ ಹಾಸಿದಳು, ಎಲೆಯಡಿಕೆ ಚೀಲ ಪಕ್ಕಕ್ಕೆ ಇಟ್ಟುಕೊಂಡು ಅದರ ಮೇಲೆ ಕೂತು, ಮೊದಲನೆಯ ಗದ್ದೆಯ ಸರದಿ ಕೂಗಿದಳು.